ಲಿಪಿಕಾರನ ತಪ್ಪು: ಚೆಂಬೂರಿನಿಂದ ಸನ್ನತಿಗೆ

ಇವತ್ತಿನ ವಿಷಯಕ್ಕೆ ಹೋಗೋ ಮೊದಲು ಒಂದು ತಿದ್ದುಪಡಿ ಹೇಳಬೇಕು. ಕೊನೆಗೆ ಆ ತಿದ್ದುಪಡಿಯೇ ಇವತ್ತಿನ ವಿಷಯ ಆಗಿಬಿಟ್ಟಿದೆ, ಅದನ್ನೂ ಹೇಳ್ತೀನಿ.

ಹೋದ ಸಲ ಕನ್ಹೇರಿ ಗುಹೆಗಳ ಬಗ್ಗೆ ಮಾತಾಡುವಾಗ, ಅಲ್ಲಿನ ಬ್ರಾಹ್ಮಿ ಶಾಸನಗಳಲ್ಲಿ ಬರುವ 'ಚೆಮುಲ' ಅನ್ನೋ ಊರು ನಮ್ಮ ಚೆಂಬೂರೇ ಅಂತ ಹೇಳಿದ್ದೆ. ತುಂಬಾ ಜನಕ್ಕೆ ಆ ಮಾತು ಇಷ್ಟವಾಯ್ತು. ನನಗೂ ಇಷ್ಟವಾಗಿತ್ತು. ಹನ್ನೊಂದು ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆಯಲ್ಲಿರೋ ನನ್ನಂಥವನಿಗೆ, ನಾನಿರೋ ಊರು ಎರಡು ಸಾವಿರ ವರ್ಷ ಹಳೇದು ಅಂದ್ರೆ ಒಂಥರಾ ಬೇರು ಸಿಕ್ಕ ಹಾಗೆ ಅಲ್ವಾ?

ಒಂದು ವಾರ ಕಳೆದ ಮೇಲೆ ಡೈಮಂಡ್ ಗಾರ್ಡನ್ ಹತ್ತಿರ ನಮ್ಮ ಬಿಲ್ಡಿಂಗಿನ ಮಾಮ ಸಿಕ್ಕರು. ಉಡುಪಿ ಕಡೆಯವರು, ಐವತ್ತು ವರ್ಷದಿಂದ ಚೆಂಬೂರಿನಲ್ಲೇ ಇದ್ದಾರೆ, ಈಗ ರಿಟೈರ್ಡು. ವಿಡಿಯೋ ನೋಡಿದ್ದರಂತೆ. "ಎಂತ ಮಾರಾಯ, ಚೆಮುಲ ಅಂದ್ರೆ ಚೌಲ್ ಅಲ್ವಾ? ಅಲಿಬಾಗ್ ಹತ್ರದ್ದು. ನೀನು ಅದನ್ನು ತಂದು ಇಲ್ಲಿ ನಮ್ಮ ಸ್ಟೇಷನ್ ಹತ್ರ ಇಟ್ಟುಬಿಟ್ಟಿಯಲ್ಲ!" ಅಂತ ನಕ್ಕರು.

ಮನೆಗೆ ಬಂದು ನೋಡಿದರೆ ಮಾಮ ಹೇಳಿದ್ದೇ ಸರಿ. ಗ್ರೀಕ್ ಬರಹಗಳಲ್ಲಿ ಸಿಮಿಲ್ಲ, ಅರಬರ ಬರಹಗಳಲ್ಲಿ ಸೈಮೂರ್ ಅಂತ ಬರೋ ಬಂದರು ಈಗಿನ ರಾಯಗಡ ಜಿಲ್ಲೆಯ ಚೌಲ್ ಅಂತಲೇ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ಚೆಂಬೂರು ಅನ್ನೋ ವಾದವೂ ಒಂದಿದೆ, ಆದರೆ ಅದರ ಆಧಾರ ಮುಖ್ಯವಾಗಿ ಹೆಸರಿನ ಹೋಲಿಕೆ. ನಾನು ಆ ಒಂದು ವಾದವನ್ನು ಎಲ್ಲೋ ಓದಿ, ಇನ್ನೊಂದನ್ನು ಹುಡುಕದೆ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ತಪ್ಪು ನನ್ನದು.

ಇದನ್ನು ಹೇಳೋಕೆ ಹನ್ನೆರಡು ದಿನ ಬೇಕಾಯ್ತು. ಆ ವಿಡಿಯೋ ಚೆನ್ನಾಗಿ ಓಡ್ತಿತ್ತು, ಯಾರೂ ಕೇಳಿರಲಿಲ್ಲ, ಮಾಮ ಬಿಟ್ಟರೆ. ಆ ಹನ್ನೆರಡು ದಿನದಲ್ಲಿ ನನ್ನ ತಲೆಯಲ್ಲಿ ಓಡಿದ್ದೇ ಇವತ್ತಿನ ಮಾತು.

ಗುಹೆಯಲ್ಲಿ ಉಳಿದದ್ದು

ಮೊದಲು, ಕನ್ಹೇರಿ ಬಗ್ಗೆ ಹೇಳಿದ್ದರಲ್ಲಿ ಯಾವುದು ನಿಲ್ಲುತ್ತೆ ನೋಡೋಣ. ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನದ ಒಳಗೆ ನೂರಕ್ಕೂ ಹೆಚ್ಚು ಗುಹೆಗಳಿವೆ. ಶಾಸನಗಳಲ್ಲಿ ಅದರ ಹೆಸರು ಕೃಷ್ಣಗಿರಿ, ಕರಿ ಬೆಟ್ಟ. ಸಾವಿರ ವರ್ಷದ ಹತ್ತಿರ ಹತ್ತಿರ ಬೌದ್ಧ ಭಿಕ್ಷುಗಳು ಅಲ್ಲಿದ್ದರು. ಅದನ್ನು ಕಟ್ಟಿಸಿದ್ದು ಒಬ್ಬ ರಾಜ ಅಲ್ಲ. ಕಲ್ಯಾಣ, ಸೋಪಾರ, ಚೆಮುಲ ಇಂಥ ಊರುಗಳ ವ್ಯಾಪಾರಿಗಳು, ಕಸುಬುದಾರರು, ಭಿಕ್ಷುಣಿಯರು ಒಬ್ಬೊಬ್ಬರೇ ಕೊಟ್ಟದ್ದು. ಒಬ್ಬರು ಕೋಣೆ ಕೊರೆಸಿದರು, ಇನ್ನೊಬ್ಬರು ನೀರಿನ ತೊಟ್ಟಿ. ಮಳೆನೀರು ಬಂಡೆಯ ಮೇಲಿನ ಸಣ್ಣ ಕಾಲುವೆಗಳಲ್ಲಿ ಹರಿದು ತೊಟ್ಟಿಗೆ ಬೀಳುತ್ತೆ. ಜುಲೈನಲ್ಲಿ ಹೋಗಿ ನೋಡಿ, ಇವತ್ತಿಗೂ ಹರಿಯುತ್ತೆ.

ನಮಗೆ ಅಲ್ಲಿ ಇನ್ನೂ ಹತ್ತಿರದ ಒಂದು ಹೆಸರಿದೆ. 9ನೇ ಶತಮಾನದ ಕೆಲವು ಶಾಸನಗಳಲ್ಲಿ ಚಕ್ರವರ್ತಿಯ ಹೆಸರು ಅಮೋಘವರ್ಷ. ಹೌದು, 'ಕವಿರಾಜಮಾರ್ಗ'ದ ಅಮೋಘವರ್ಷನೇ. ಕೊಂಕಣವನ್ನು ಆಗ ಅವನ ಕೈಕೆಳಗೆ ಶಿಲಾಹಾರರು ಆಳ್ತಿದ್ದರು. ಅದರಲ್ಲೊಂದು ಶಾಸನ, ಗೌಡದೇಶದಿಂದ, ಅಂದ್ರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಬೌದ್ಧ ಭಕ್ತನದ್ದು. ಭಿಕ್ಷುಗಳಿಗೆ ಧ್ಯಾನದ ಕೋಣೆ ಕಟ್ಟಿಸಿ, ಅವರ ಬಟ್ಟೆಗೆ ಅಂತ ನೂರು ದ್ರಮ್ಮ ಇಟ್ಟ. ರಾಜ ಜೈನ ಧರ್ಮದ ಕಡೆ ಒಲಿದವನು, ದಾನಿ ಬಂಗಾಳದವನು, ಜಾಗ ಮುಂಬಯಿ. ಇನ್ನೊಬ್ಬರ ವಿಚಾರವನ್ನು, ಇನ್ನೊಬ್ಬರ ಧರ್ಮವನ್ನು ಸೈರಿಸೋದೇ ನಿಜವಾದ ಸಂಪತ್ತು ಅನ್ನೋ ಅರ್ಥದ ಮಾತು 'ಕವಿರಾಜಮಾರ್ಗ'ದಲ್ಲಿದೆ. ಆ ಮಾತು ಗ್ರಂಥದಲ್ಲಷ್ಟೇ ಇರಲಿಲ್ಲ ಅನ್ನೋಕೆ ಬೋರಿವಲಿಯ ಈ ಬಂಡೆ ಸಾಕ್ಷಿ.

ಹಾಗಾಗಿ ನಮಗೆ ಬೇರು ಬೇಕು ಅಂದ್ರೆ ನಿಜವಾದದ್ದೇ ಇತ್ತು, ಸುಳ್ಳಿನದ್ದು ಬೇಕಿರಲಿಲ್ಲ.

ತಪ್ಪು ಬರೆದವನ ಬಗ್ಗೆ ಒಂದು ಶಾಸನ

ತಿದ್ದುಪಡಿ ಹೇಗೆ ಹೇಳೋದು ಅಂತ ಯೋಚಿಸ್ತಿದ್ದಾಗ ನೆನಪಾಗಿದ್ದು ಅಶೋಕನ 14ನೇ ಬಂಡೆಗಲ್ಲು ಶಾಸನ. ಅದು ಇಡೀ ಸರಣಿಯ ಕೊನೆಯ ಶಾಸನ. ಅದರಲ್ಲಿ ಅಶೋಕ ಹೇಳೋದರ ಸಾರ ಇಷ್ಟು: ಕೆಲವು ಕಡೆ ಚಿಕ್ಕದಾಗಿ ಬರೆಸಿದ್ದೀನಿ, ಕೆಲವು ಕಡೆ ವಿಸ್ತಾರವಾಗಿ, ಎಲ್ಲವೂ ಎಲ್ಲ ಕಡೆಗೂ ಹೊಂದೋದಿಲ್ಲ, ಕೆಲವು ಕಡೆ ಬರೆದದ್ದು ಅಪೂರ್ಣವಾಗಿರಬಹುದು, ಅದಕ್ಕೆ ಆ ಜಾಗ ಕಾರಣ ಇರಬಹುದು, ಅಥವಾ ಲಿಪಿಕಾರನ ತಪ್ಪೂ ಇರಬಹುದು.

ಸ್ವಲ್ಪ ಯೋಚನೆ ಮಾಡಿ. ಕ್ರಿ.ಪೂ. 3ನೇ ಶತಮಾನ. ಅಫ್ಘಾನಿಸ್ತಾನದಿಂದ ಕರ್ನಾಟಕದವರೆಗಿನ ಸಾಮ್ರಾಜ್ಯ. ಚಕ್ರವರ್ತಿಯ ಮಾತನ್ನು ಬಂಡೆಯಲ್ಲಿ ಕೆತ್ತಿಸ್ತಾ ಇದ್ದಾರೆ. ಆ ಬಂಡೆಯಲ್ಲೇ, ಇದರಲ್ಲಿ ತಪ್ಪಿರಬಹುದು ಅಂತಾನೂ ಕೆತ್ತಿಸ್ತಾರೆ. ನಾವು ಸಾಫ್ಟ್‌ವೇರಿನವರು ಪ್ರತಿ ರಿಲೀಸ್ ಜೊತೆ 'ನೋನ್ ಇಶ್ಯೂಸ್' ಅಂತ ಪಟ್ಟಿ ಕೊಡ್ತೀವಲ್ಲ, ಹಾಗೆ.

ಆ ಲಿಪಿಕಾರರಲ್ಲಿ ಒಬ್ಬನ ಹೆಸರು ನಮಗೆ ಗೊತ್ತು, ಅದೂ ಕರ್ನಾಟಕದ ಬಂಡೆಗಳಿಂದ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು ಜಾಗ. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿನ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ನಿಜ ಹೇಳಬೇಕು ಅನ್ನೋ ಸರಳ ಮಾತುಗಳು ಅಲ್ಲಿವೆ. ಕೊನೆಯಲ್ಲಿ ಸಹಿ: ಬರೆದವನು ಚಪಡ. ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ, ಆದರೆ 'ಲಿಪಿಕಾರ' ಅನ್ನೋ ಪದವನ್ನು ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನಲ್ಲಿ ಅದನ್ನು ಓದುವವರು ಯಾರಿದ್ದರೋ! ಆ ಕಡೆಯಿಂದ ಬಂದವನೋ, ಆ ಕಡೆ ಕಲಿತವನೋ, ಕೆಲಸಕ್ಕಾಗಿ ಸಾವಿರಾರು ಮೈಲಿ ದೂರ ಬಂದ ಒಬ್ಬ ನೌಕರ, ಕೆಲಸ ಮುಗಿಸಿ ತನ್ನ ಕಸುಬಿನ ಹೆಸರನ್ನು ಮಾತ್ರ ತನಗೆ ಗೊತ್ತಿದ್ದ ಇನ್ನೊಂದು ಲಿಪಿಯಲ್ಲಿ ಬರೆದ. ಕಂಪನಿ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳುವ ನಮಗೆ ಅವನು ಅರ್ಥವಾಗ್ತಾನೆ.

ಸನ್ನತಿಯ ಕಲ್ಲು

ಈಗ ನಮ್ಮ ಕಡೆಗೆ ಬರ್ತೀನಿ. ನಾನು ಕಲಬುರಗಿ ಜಿಲ್ಲೆಯವನು. ಭೀಮಾ ನದಿ ದಂಡೆಯ ಸನ್ನತಿಗೆ ಸಣ್ಣವನಿದ್ದಾಗ ಅವ್ವನ ಜೊತೆ ಚಂದ್ರಲಾಂಬಾ ಗುಡಿಗೆ ಹೋಗ್ತಿದ್ದೆ. ಅವ್ವನಿಗೆ ದೇವಿ, ನಮಗೆ ಹೊಳೆ. ಅಶೋಕ ಯಾರಿಗೂ ಗೊತ್ತಿರಲಿಲ್ಲ.

ಆದರೆ ಅಶೋಕ ಅಲ್ಲೇ ಇದ್ದ. 1986ರಲ್ಲಿ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ತೆರವು ಮಾಡುವಾಗ ಮೂರ್ತಿಯ ಪೀಠವಾಗಿದ್ದ ದೊಡ್ಡ ಚಪ್ಪಡಿಯ ಮೇಲೆ ಅಕ್ಷರ ಕಂಡವು. ಎರಡೂ ಬದಿಯಲ್ಲಿ ಅಶೋಕನ ಶಾಸನ! ಯಾವುದೋ ಕಾಲದಲ್ಲಿ ಮೂರ್ತಿ ನಿಲ್ಲಿಸೋಕೆ ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಸಾಲು ಹೋಗಿದ್ದವು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಪುರಾತತ್ವ ಇಲಾಖೆ ಒಂದು ಮಹಾಸ್ತೂಪವನ್ನೇ ಅಗೆದು ತೆಗೆಯಿತು. ಅಲ್ಲಿನ ಒಂದು ಶಿಲ್ಪದ ಮೇಲೆ 'ರಾಯೋ ಅಸೋಕೋ' ಅಂತ ಬರೆದಿದೆ: ರಾಜ ಅಶೋಕ, ರಾಣಿಯ ಜೊತೆ. ಅವನು ಸತ್ತು ಶತಮಾನಗಳಾದ ಮೇಲೆ ಕೆತ್ತಿದ್ದು.

ಸನ್ನತಿ ಚಪ್ಪಡಿಯ ಒಂದು ಬದಿಯಲ್ಲಿ 12 ಮತ್ತು 14ನೇ ಶಾಸನ. 12 ಅಂದ್ರೆ, ನಿನ್ನ ಪಂಥವನ್ನು ಹೊಗಳೋಕೆ ಬೇರೆಯವರದ್ದನ್ನು ಹಳಿಯಬೇಡ ಅನ್ನೋದು. 14, ಲಿಪಿಕಾರನ ತಪ್ಪು. ಇನ್ನೊಂದು ಬದಿಯಲ್ಲಿ 'ಪ್ರತ್ಯೇಕ ಶಾಸನಗಳು' ಅಂತ ಕರೆಯೋ ಎರಡು. ಇವು ಸನ್ನತಿ ಬಿಟ್ಟರೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಸಿಕ್ಕಿವೆ. ಎಲ್ಲ ಜನರೂ ನನ್ನ ಮಕ್ಕಳು ಅಂತ ಅಶೋಕ ಹೇಳೋದು ಇವುಗಳಲ್ಲೇ. ಆದರೆ ನನಗೆ ಮುಖ್ಯ ಅನಿಸಿದ್ದು ಅದರ ಮುಂದಿನ ಭಾಗ.

ಅದು ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದ ಮೆಮೋ ಅಂದ್ಕೊಳ್ಳಿ. ಯಾರೋ ಒಬ್ಬ ಕಾರಣವಿಲ್ಲದೆ ಸೆರೆ ಸೇರ್ತಾನೆ, ಹಿಂಸೆ ಅನುಭವಿಸ್ತಾನೆ. ಹಾಗಾಗಬಾರದು, ನೀವು ಮಧ್ಯದ, ಪಕ್ಷಪಾತವಿಲ್ಲದ ದಾರಿ ಹಿಡಿಯಬೇಕು. ಅದನ್ನು ಕೆಡಿಸೋ ಏಳು ಗುಣಗಳನ್ನು ಪಟ್ಟಿ ಮಾಡ್ತಾನೆ: ಹೊಟ್ಟೆಕಿಚ್ಚು, ಸಿಡುಕು, ಕಠೋರತೆ, ಆತುರ, ಅಭ್ಯಾಸವಿಲ್ಲದಿರೋದು, ಸೋಮಾರಿತನ, ದಣಿವು. ಇದಕ್ಕೆಲ್ಲ ಮೂಲ ಏನು ಅಂದ್ರೆ ಸಿಡುಕದಿರೋದು, ಆತುರ ಪಡದಿರೋದು. ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ಕೇಳೋಕೆ ಒಬ್ಬನೇ ಇದ್ದರೂ ಓದಬಹುದು ಅಂತಾನೆ.

ಗಮನಿಸಿ, ಇದರಲ್ಲಿ ಮೋಕ್ಷದ ಮಾತಿಲ್ಲ, ನಿರ್ವಾಣದ ಮಾತಿಲ್ಲ. ಧರ್ಮಕ್ಕೆ ಬಂದ ಒಬ್ಬ ರಾಜ ತನ್ನ ಆಫೀಸಿನವರಿಗೆ ಹೇಳೋದು: ಕೆಲಸ ಮಾಡುವಾಗ ಅಲ್ಲೇ ಇರಿ, ಅವಸರ ಮಾಡಬೇಡಿ, ನಿಮ್ಮ ಅವಸರಕ್ಕೆ ಇನ್ನೊಬ್ಬ ಜೈಲಿಗೆ ಹೋಗ್ತಾನೆ.

ಎರಡು ನಿಮಿಷ

ಇಲ್ಲಿ ನನ್ನದೊಂದು ಹೇಳಬೇಕು. ನಾಲ್ಕು ವರ್ಷದ ಹಿಂದೆ ನಾನಿದ್ದ ಕಂಪನಿಯಲ್ಲಿ ನಮ್ಮ ಟೀಮಿಗೆ ಕಾಂಟ್ರಾಕ್ಟ್ ಮೇಲೆ ಒಬ್ಬ ಹುಡುಗ ಬಂದಿದ್ದ. ನಮ್ಮ ಕಡೆಯವನೇ, ಯಾದಗಿರಿ ಹತ್ತಿರದವನು. ನನ್ನನ್ನು ಅಣ್ಣ ಅಂತಿದ್ದ. ಹಣ ಕಟ್ಟುವಾಗ ನೆಟ್‌ವರ್ಕ್ ಹೋದರೆ ಮತ್ತೆ ಪ್ರಯತ್ನಿಸೋ ಕೋಡ್ ಬರೆದಿದ್ದ. ರಿವ್ಯೂ ಮಾಡಬೇಕಾದವನು ನಾನು. ಇನ್ನೊಂದು ಕಾಲ್‌ನಲ್ಲಿ ಕೂತಿದ್ದೆ. ಎರಡು ನಿಮಿಷದಲ್ಲಿ ಮೇಲಿಂದ ಕೆಳಗೆ ಸ್ಕ್ರಾಲ್ ಮಾಡಿ ಅಪ್ರೂವ್ ಒತ್ತಿದೆ. ಮೊದಲ ಸಲದ ಪೇಮೆಂಟ್ ಆಗಿದೆಯೋ ಇಲ್ಲವೋ ಅಂತ ನೋಡೋ ಸಾಲು ಅದರಲ್ಲಿ ಇರಲಿಲ್ಲ. ಹತ್ತು ನಿಮಿಷ ಕೂತು ಓದಿದ್ದರೆ ಕಾಣುತ್ತಿತ್ತು. ಆ ರಾತ್ರಿ ಒಂದಷ್ಟು ಗ್ರಾಹಕರ ಹಣ ಎರಡೆರಡು ಸಲ ಕಡಿತವಾಯ್ತು.

ಮರುದಿನ ಮೀಟಿಂಗ್. ಸ್ಲೈಡಿನಲ್ಲಿ ಕೋಡ್ ಬರೆದವನ ಹೆಸರು ಇತ್ತು. "ರಿವ್ಯೂ ಆಗಿತ್ತಾ?" ಅಂತ ಮೇಲಿನವರು ಕೇಳಿದರು. ನಾನು ಹೇಳಿದ್ದು ಇಷ್ಟೇ: "ಪ್ರೊಸೆಸ್ ಪ್ರಕಾರ ಆಗಿತ್ತು." ಅಕ್ಷರ ಅಕ್ಷರವೂ ನಿಜ. ಪೂರ್ತಿ ಸುಳ್ಳು. ಅವನು ಏನೂ ಮಾತಾಡಲಿಲ್ಲ. ಎರಡು ತಿಂಗಳಿಗೆ ಅವನ ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ.

ಆ ಏಳರ ಪಟ್ಟಿಯಲ್ಲಿ ನನ್ನವು ಎಷ್ಟು ಅಂತ ಎಣಿಸಿದೆ. ಆತುರ ಖಂಡಿತ. ದಣಿವು ಇತ್ತು, ಆದರೆ ಅದನ್ನು ನೆಪ ಮಾಡಿಕೊಳ್ಳೋದು ಸೋಮಾರಿತನ. ಮೂರು.

ನಡುವೆ ಕಾಣೆಯಾದ ಶಾಸನ

ಸನ್ನತಿಯ ಕಲ್ಲಿಗೆ ವಾಪಸ್ ಹೋಗೋಣ. 12 ಇದೆ, 14 ಇದೆ. 13 ಎಲ್ಲಿ?

13ನೇ ಶಾಸನ ಅಶೋಕನ ಪಶ್ಚಾತ್ತಾಪದ ಶಾಸನ. ಶಾಲೆಯಲ್ಲಿ ನಾವೆಲ್ಲ ಓದಿದ ಕಳಿಂಗ ಯುದ್ಧದ ಕಥೆಗೆ ಮೂಲ ಅದೇ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯ್ತು, ಒಂದು ಲಕ್ಷ ಜನ ಸತ್ತರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಅಳಿದರು, ಇದರಿಂದ ನನಗೆ ದುಃಖವಾಗಿದೆ ಅಂತ ಅವನೇ ಹೇಳಿಕೊಳ್ಳೋದು ಅಲ್ಲಿ. ಗಿರ್ನಾರ್, ಶಹಬಾಜ್‌ಗಢಿ, ಕಾಲ್ಸಿ ಇಲ್ಲೆಲ್ಲ ಅದಿದೆ. ಆದರೆ ಕಳಿಂಗದಲ್ಲೇ, ಧೌಲಿಯಲ್ಲಿ, ಜೌಗಡದಲ್ಲಿ, ಅದಿಲ್ಲ! ಅಲ್ಲಿ ಅದರ ಬದಲು ಆ ಪ್ರತ್ಯೇಕ ಶಾಸನಗಳನ್ನು ಹಾಕಿಸಿದ. ಸನ್ನತಿಯಲ್ಲೂ 13 ಇಲ್ಲ: 12 ಆದ ಮೇಲೆ ನೇರ 14.

ಯಾಕೆ? ಎರಡು ರೀತಿ ಓದಬಹುದು. ಒಂದು, ನೋವು ಅನುಭವಿಸಿದವರ ಮುಂದೆ ಆ ಲೆಕ್ಕ ಓದೋ ಧೈರ್ಯ ಇರಲಿಲ್ಲ, ಅಥವಾ ಅದು ರಾಜಕೀಯವಾಗಿ ಅನುಕೂಲವಾಗಿರಲಿಲ್ಲ. ಇನ್ನೊಂದು, ಅವರಿಗೆ ರಾಜನ ದುಃಖದ ಕಥೆ ಬೇಕಾಗಿರಲಿಲ್ಲ. ಇನ್ನು ಮುಂದೆ ಕಾರಣವಿಲ್ಲದೆ ನಿಮ್ಮನ್ನು ಹಿಡಿಯೋದಿಲ್ಲ ಅನ್ನೋ ಭರವಸೆ ಬೇಕಿತ್ತು, ಅದನ್ನು ಕೊಟ್ಟ. ನಾನು ಅಶೋಕನನ್ನು ದೇವರು ಮಾಡೋಕೆ ಹೋಗಲ್ಲ. ಅದೇ 13ನೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ: ಪಶ್ಚಾತ್ತಾಪ ಪಟ್ಟರೂ ನನಗೆ ಶಕ್ತಿ ಇದೆ, ನೆನಪಿರಲಿ ಅಂತ. ಸಾಗಿಸಿದ ಒಂದೂವರೆ ಲಕ್ಷ ಜನರನ್ನು ವಾಪಸ್ ಕಳಿಸಿದೆ ಅಂತ ಎಲ್ಲೂ ಹೇಳೋದಿಲ್ಲ.

ಆದರೆ ಈ ಕಾಣೆಯಾದ 13 ನನಗೆ ಚುಚ್ಚಿತು. ಚೆಮುಲದ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳೋಕೆ ಸ್ಕ್ರಿಪ್ಟ್ ಬರೀತಿದ್ದೆ. ಒಳ್ಳೆ ಸ್ಕ್ರಿಪ್ಟ್. ಆ ಹುಡುಗನ ಕಥೆಯನ್ನೂ ಸೇರಿಸಿದ್ದೆ, ಹೆಸರಿಲ್ಲದೆ. ಪ್ರಾಮಾಣಿಕ ಮನುಷ್ಯ ಅಂತ ನೀವು ನನ್ನನ್ನು ಮೆಚ್ಚುತ್ತಿದ್ದಿರಿ. ಊರಿಗೆಲ್ಲ ಗೊತ್ತಾಗೋ ತಪ್ಪೊಪ್ಪಿಗೆ, ಅವನೊಬ್ಬನಿಗೆ ಬಿಟ್ಟು. ಗಿರ್ನಾರಿನಲ್ಲಿ ಕೆತ್ತಿಸಿ ಧೌಲಿಯಲ್ಲಿ ಬಿಟ್ಟ ಹಾಗೆ.

ಚೆಂಬೂರಿನ ಬುದ್ಧ

ನಮ್ಮ ಆಫೀಸುಗಳಲ್ಲಿ ಬುದ್ಧ ಬರೋದು ಆ್ಯಪ್ ಆಗಿ. ಹತ್ತು ನಿಮಿಷ ಉಸಿರು ನೋಡಿ, ಒತ್ತಡ ಕಡಿಮೆಯಾಗುತ್ತೆ. ನಾನೂ ಮಾಡ್ತೀನಿ, ತಪ್ಪಿಲ್ಲ. ಆದರೆ ಅದಕ್ಕೆ ಮೂಲವಾದ ಪಾಳಿ ಪದ 'ಸತಿ', ನಮ್ಮ ಸತಿ-ಪತಿಯ ಸತಿ ಅಲ್ಲ, ಸಂಸ್ಕೃತದ 'ಸ್ಮೃತಿ'. ಅಂದ್ರೆ ನೆನಪು. ಈ ಕ್ಷಣದಲ್ಲಿ ಇರೋದು ಅಂದ್ರೆ ಹಿಂದಿನದನ್ನು ಮರೆಯೋದಲ್ಲ. ನಾನು ಏನು ಮಾಡ್ತಿದ್ದೀನಿ, ಏನು ಮಾಡಿದ್ದೀನಿ ಅನ್ನೋದು ನೆನಪಿನಲ್ಲಿರೋದು.

ಚೆಂಬೂರಿನಲ್ಲಿ ಬುದ್ಧ ಆ್ಯಪ್ ಆಗಿ ಬಂದವನಲ್ಲ. ಬಸ್ತಿಗಳಲ್ಲಿ, ಚಾಳುಗಳಲ್ಲಿ ವಿಹಾರಗಳಿವೆ, ಪಂಚಶೀಲದ ಧ್ವಜಗಳಿವೆ. ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋಗೋ ಜನರಿಂದ ಲೋಕಲ್ ತುಂಬಿರುತ್ತೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಧಮ್ಮ ಸ್ವೀಕರಿಸಿದರು. ಆ ದಿನವನ್ನು ಇವತ್ತಿಗೂ ಅಶೋಕ ವಿಜಯದಶಮಿ ಅಂತಾರೆ. ಅಲ್ಲಿ ಹೇಳಿಸಿದ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಇದೆ, ಸುಳ್ಳು ಹೇಳಲ್ಲ ಅನ್ನೋದಿದೆ, ಎಲ್ಲ ಮನುಷ್ಯರೂ ಸಮಾನರು ಅನ್ನೋದಿದೆ. ಕರುಣೆಯನ್ನೂ ಸಮಾನತೆಯನ್ನೂ ಬೇರೆ ಬೇರೆ ಇಡಲಿಲ್ಲ. ಪರ್ಮನೆಂಟ್ ನೌಕರ ಸುಮ್ಮನಿದ್ದು ಕಾಂಟ್ರಾಕ್ಟ್ ನೌಕರ ಬೆಲೆ ತೆತ್ತ ಕಡೆ, ಬರೀ ಕರುಣೆ ಸಾಲೋದಿಲ್ಲ ಅಂತ ನನಗೆ ಅರ್ಥವಾಗಿದ್ದು ಅಲ್ಲಿಂದಲೇ.

ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಫೋನ್ ಮಾಡಿದೆ. ಅವನೀಗ ಹೈದರಾಬಾದಿನಲ್ಲಿದ್ದಾನೆ. ಸುತ್ತಿ ಬಳಸಿ ಶುರು ಮಾಡಿದೆ, ಆಮೇಲೆ ನೇರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಣ್ಣಾ, ಅವತ್ತ ನೀವು ಹೇಳ್ತೀರಿ ಅಂತ ಕಾಯ್ಕೋತ ಕೂತಿದ್ದೆ ನಾ. ಮೀಟಿಂಗ್ ಮುಗೀತು, ಎಲ್ಲಾರೂ ಹೋದ್ರು, ನಾ ಇನ್ನೂ ಲೈನಿನಾಗ ಇದ್ದೆ."

ಕ್ಷಮಿಸು ಅಂದೆ. ಆಗಿದ್ದಾಯ್ತು ಬಿಡಿ ಅಂತ ಅವನು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಅವನು ಕೇಳಿದ್ದು ಒಂದೇ: "ಆಗಿನ ಮ್ಯಾನೇಜರಿಗೆ ಒಂದು ಮೇಲ್ ಹಾಕ್ರಿ. ಈಗ ಅದರಿಂದ ನನಗ ಏನೂ ಆಗಬೇಕಾಗಿಲ್ಲ. ಆದ್ರ ಅದು ಎಲ್ಲರ ಒಂದು ಕಡೆ ಬರದಿಟ್ಟಿರಬೇಕು." ಮೇಲ್ ಹಾಕಿದೆ. ಅವನಿಗೂ ಕಾಪಿ ಇಟ್ಟೆ. ಉತ್ತರ ಇನ್ನೂ ಬಂದಿಲ್ಲ. ಈ ಕಥೆ ಇಲ್ಲಿ ಹೇಳಲಾ ಅಂತ ಕೇಳಿ, ಅವನು ಹೂಂ ಅಂದ ಮೇಲೇ ಹೇಳ್ತಿದ್ದೀನಿ.

ಬರೆದಿಟ್ಟಿರಬೇಕು ಅನ್ನೋ ಅವನ ಮಾತಿನಲ್ಲಿ ನನಗೆ ಚಪಡ ನೆನಪಾದ. ತಪ್ಪಿದ್ದರೆ ಲಿಪಿಕಾರನದ್ದು ಅಂತ 14ನೇ ಶಾಸನ ಹೇಳುತ್ತೆ, ಆದರೆ ಆ ಲಿಪಿಕಾರರಲ್ಲಿ ಹೆಸರು ಹಾಕಿದವನು ಅವನು. ಬರೆದವನು ನಾನು ಅಂತ ಸಹಿ ಮಾಡೋದು, ಸರಿಗೂ ತಪ್ಪಿಗೂ ಎರಡಕ್ಕೂ. ಅಪ್ರೂವ್ ಬಟನ್ ಕೂಡ ಒಂದು ಸಹಿಯೇ. ಈಗ ನಾನು ಒಂದು ಕೆಲಸ ಮಾಡ್ತಿದ್ದೀನಿ: ಇನ್ನೊಂದು ಕಾಲ್‌ನಲ್ಲಿರುವಾಗ ಯಾರ ಕೋಡನ್ನೂ ರಿವ್ಯೂ ಮಾಡೋದಿಲ್ಲ. ದೊಡ್ಡ ಸಾಧನೆ ಏನಲ್ಲ. ಏಳರಲ್ಲಿ ಒಂದು.

ಚೆಮುಲ ಅಂದ್ರೆ ಚೌಲ್, ಚೆಂಬೂರಲ್ಲ. ಹಳೇ ವಿಡಿಯೋದ ಬರಹದಲ್ಲಿ ತಪ್ಪನ್ನು ಅಳಿಸಿಲ್ಲ. ಅದರ ಕೆಳಗೇ ತಿದ್ದುಪಡಿ ಹಾಕಿದ್ದೀನಿ. ಊರಿಗೆ ಹೋಗೋವಾಗ ಒಂದು ದಿನ ಕಲಬುರಗಿಯಲ್ಲಿಳಿದು ಸನ್ನತಿಗೆ ಹೋಗಿ ಬನ್ನಿ, ಮನೆಯವರನ್ನೂ ಕರ್ಕೊಂಡು ಹೋಗಿ. ದೇವಿಯನ್ನೂ ನೋಡಿ, ಕಲ್ಲನ್ನೂ ನೋಡಿ.